ಕಡಲಾಮೆ, ಹನಿ ಪೋಸಮ್: ಎಣಿಸುವುದಕ್ಕಿಂತ ತೂಗಿ ತೋರಿಸಿ

ಎಂಟನೇ ತರಗತಿಗೆ ಪ್ರಾಣಿಗಳ ಸಂತಾನೋತ್ಪತ್ತಿ ಪಾಠ ಮಾಡುವ ವಿಜಯಪುರ, ಬಾಗಲಕೋಟೆ ಕಡೆಯ ವಿಜ್ಞಾನ ಶಿಕ್ಷಕರಿಗಾಗಿ ಇದು. ಕಡಲಾಮೆ ಮತ್ತು ಹನಿ ಪೋಸಮ್ (ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಪುಟ್ಟ ಪ್ರಾಣಿ) ಹೋಲಿಸಿ ಅಂದರೆ ಮಕ್ಕಳ ಉತ್ತರ ಒಂದೇ: "ಆಮಿ ನೂರು ತತ್ತಿ ಇಡತೈತ್ರಿ ಸರ, ಪೋಸಮ್ ಎರಡು ಮೂರು ಮರಿ ಹಾಕತೈತಿ." ಎಣಿಕೆ ಸರಿಯೇ. ಆದರೆ ತಾಯಿ ಏನು ಖರ್ಚು ಮಾಡುತ್ತಾಳೆ, ಯಾವಾಗ ಮಾಡುತ್ತಾಳೆ ಎಂಬುದು ಅದರಲ್ಲಿ ಕಾಣುವುದಿಲ್ಲ.

100 ಬಿಳಿಜೋಳದ ಕಾಳು ಎಣಿಸಿ ಲ್ಯಾಬಿನ ತಕ್ಕಡಿಗೆ ಹಾಕಿ. ಸುಮಾರು 3 ಗ್ರಾಂ ಬರುತ್ತದೆ, ಅಂದರೆ ಕಾಳಿಗೆ 30 ಮಿಲಿಗ್ರಾಂ. ಒಂದು ಕಾಳನ್ನು ಬ್ಲೇಡಿನಿಂದ ನೀವೇ ಆರು ಚೂರು ಮಾಡಿ, ಒಂದು ಚೂರನ್ನು ಕರಿ ಕಾಗದದ ಮೇಲಿಡಿ. ನೈಋತ್ಯ ಆಸ್ಟ್ರೇಲಿಯಾದ ಹನಿ ಪೋಸಮ್‌ನ ಹಸುಗೂಸು ಅಷ್ಟೇ, ಸುಮಾರು 5 ಮಿಲಿಗ್ರಾಂ. ತಾಯಿ ಹತ್ತು ಹನ್ನೆರಡು ಗ್ರಾಂ. ಚೀಲದಲ್ಲಿ ಸುಮಾರು 60 ದಿನ ಹಾಲು ಕುಡಿದು ಹೊರಬರುವಾಗ ಒಂದೊಂದು ಮರಿ 2.5 ಗ್ರಾಂ, ಹುಟ್ಟಿದ್ದಕ್ಕಿಂತ 500 ಪಟ್ಟು. ಎರಡು ಮರಿ ಸೇರಿದರೆ ತಾಯಿಯ ತೂಕದ ಅರ್ಧದ ಹತ್ತಿರ! ಖರ್ಚೆಲ್ಲ ಹೆತ್ತ ಮೇಲೆ, ಹಾಲಿನಲ್ಲಿ.

ಆಲಿವ್ ರಿಡ್ಲೆ ಎಂಬ ಕಡಲಾಮೆಯದು ತಿರುವುಮುರುವು. ಮೊಟ್ಟೆ ಸುಮಾರು 4 ಸೆಂ.ಮೀ. ಅಗಲ, 30ರಿಂದ 35 ಗ್ರಾಂ. ನೂರು ಮೊಟ್ಟೆ ಸೇರಿದರೆ ಮೂರು ಕಿಲೋ ದಾಟುತ್ತದೆ. ತಾಯಿ ಸುಮಾರು 40 ಕಿಲೋ. ಮರಿಗೆ ಬೇಕಾದ ಆಹಾರವೆಲ್ಲ ಮೊದಲೇ ಮೊಟ್ಟೆಯ ಭಂಡಾರದಲ್ಲಿ, ಅಂದರೆ ಹಳದಿ ಭಾಗದಲ್ಲಿ ಇರುತ್ತದೆ. ದಂಡೆಯ ಉಸುಕಿನ ಗುಂಡಿಯಲ್ಲಿ ಮೊಟ್ಟೆ ಇಟ್ಟು ಮುಚ್ಚಿ ತಾಯಿ ಕಡಲಿಗೆ ಹೋದರೆ ಮತ್ತೆ ತಿರುಗಿ ಬಂದು ನೋಡುವುದಿಲ್ಲ.

ಮಕ್ಕಳು ತಪ್ಪುವುದು ಎರಡು ಕಡೆ. ಚೀಲವನ್ನೇ ಗರ್ಭಕೋಶ ಅಂದುಕೊಳ್ಳುತ್ತಾರೆ. ಚೀಲ ಹೊಟ್ಟೆಯ ಹೊರಗಿನ ಚರ್ಮದ ಮಡಿಕೆ, ಮೊಲೆಗಳಿರುವುದು ಅದರೊಳಗೆ. ಹುಟ್ಟಿದ ಮರಿ ಮುಂಗಾಲಿನ ಬಲದಿಂದ ತಾನೇ ಅಲ್ಲಿಗೆ ತೆವಳುತ್ತದೆ. ಚಿತ್ರದಲ್ಲಿ ಈ ದಾರಿಗೆ ಬಾಣ ಹಾಕಿಸಿ.

ಇನ್ನೊಂದು, ಕೋಳಿ ತತ್ತಿಯ ಹಾಗೆ ಆಮೆಯದನ್ನೂ ತಿರುವಬೇಕು ಅನ್ನುವುದು. ತಿರುವಿದರೆ ಭ್ರೂಣ ಸಾಯುತ್ತದೆ, ಏಕೆಂದರೆ ಇಟ್ಟ ಕೆಲವೇ ಗಂಟೆಗಳಲ್ಲಿ ಅದು ಮೇಲಿನ ಪೊರೆಗೆ ಅಂಟಿಕೊಂಡಿರುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಗೂಡು ಸ್ಥಳಾಂತರಿಸುವವರು ಮೇಲುಭಾಗ ಮೇಲೇ ಇರುವಂತೆ ಎತ್ತಬೇಕಾಗುವುದು ಇದಕ್ಕೇ.

"ಆಮಿ ತತ್ತಿ ಉಸುಕಿನಾಗ ಮರಿ ಆಗತಾವು, ನಮ್ಮ ಎರೆಮಣ್ಣಿನಾಗ ಯಾಕ ಆಗಂಗಿಲ್ಲ?" ಎಂದು ಕೇಳಿದರೆ ಬಿಡಬೇಡಿ, ಒಳ್ಳೆಯ ಪ್ರಶ್ನೆ. ತಳಕ್ಕೆ ತೂತು ಮಾಡಿದ ಎರಡು ಬಾಟಲಿಯಲ್ಲಿ ಉಸುಕು, ಎರೆಮಣ್ಣು ತುಂಬಿ 100 ಮಿಲಿ ನೀರು ಹಾಕಿಸಿ. ಉಸುಕು ಬೇಗ ಸೋರುತ್ತದೆ. ಎರೆ ಉಬ್ಬಿ ಸಂದು ಮುಚ್ಚುತ್ತದೆ. ಮೊಟ್ಟೆಯೊಳಗಿನ ಮರಿಗೆ ಗಾಳಿ ಬರುವುದು ಆ ಸಂದುಗಳಿಂದಲೇ.