ಮೊದಲು ಕೇಳೋದು: ಅವರು ಈಗ ಎಲ್ಲಿದ್ದಾರೆ?

ನಾನು ನ್ಯೂಜೆರ್ಸಿಯ ಒಂದು ಸಣ್ಣ ಲಾ ಆಫೀಸಿನಲ್ಲಿ ಪ್ಯಾರಾಲೀಗಲ್. ವಕೀಲೆ ಅಲ್ಲ. ಅರ್ಜಿ ಸಿದ್ಧ ಮಾಡುವುದು, ಕೋರ್ಟಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಫೈಲ್ ಮಾಡುವುದು, ಡೆಡ್‌ಲೈನ್ ಕಾಯುವುದು ನನ್ನ ಕೆಲಸ. ಪೊಲೀಸರ ಮೇಲಿನ ದೂರು, ಇಮಿಗ್ರೇಶನ್ ಬಂಧನ, ಇಂಥವೇ ಜಾಸ್ತಿ ಬರುತ್ತವೆ.

ಫೋನ್ ಮಾಡಿದವರು ಅನ್ಯಾಯದಿಂದ ಮಾತು ಶುರು ಮಾಡುತ್ತಾರೆ. "ವಾರಂಟ್ ಇಲ್ದೆ ಕರ್ಕೊಂಡು ಹೋದ್ರು ಮೇಡಂ, ಇದು ಸರೀನಾ?" ಸರಿ ಇಲ್ಲದೆಯೇ ಇರಬಹುದು. ಆದರೆ ನಾನು ಕೇಳುವುದು ಬೇರೆ. ಅವರು ಈಗ ಎಲ್ಲಿದ್ದಾರೆ? ಕರೆದುಕೊಂಡು ಹೋದವರು ಯಾವ ಇಲಾಖೆಯವರು? ಎಷ್ಟು ಹೊತ್ತಿಗೆ? ಕೆಲವರಿಗೆ ಸಿಟ್ಟು ಬರುತ್ತದೆ. ಮನೆಯವರು ಒಳಗಿದ್ದಾಗ ಇವಳೇನು ಫಾರ್ಮ್ ತುಂಬುತ್ತಾ ಕೂತಿದ್ದಾಳೆ ಅನಿಸುತ್ತದೆ, ಅಲ್ವಾ?

ನಮ್ಮ ಕಡೆಯವರಿಗಂತೂ ಇದು ವಿಚಿತ್ರ. ಭಾರತದಲ್ಲಿ ಮೂಲಭೂತ ಹಕ್ಕಿಗೆ ಧಕ್ಕೆ ಬಂದರೆ ಸಂವಿಧಾನದ 32ನೇ ವಿಧಿ ಹಿಡಿದು ನೇರ ಸುಪ್ರೀಂ ಕೋರ್ಟಿಗೇ ಹೋಗಬಹುದು, 226ನೇ ವಿಧಿ ಹಿಡಿದು ಹೈಕೋರ್ಟಿಗೆ ಹೋಗಬಹುದು. ಕೈದಿಯೊಬ್ಬ ಬರೆದ ಕಾಗದವನ್ನೇ ಅರ್ಜಿ ಅಂತ ಸ್ವೀಕರಿಸಿದ್ದೂ ಉಂಟು. ಅಮೆರಿಕದಲ್ಲಿ ಕೆಳಗಿನಿಂದಲೇ ಹತ್ತಬೇಕು. ಫೆಡರಲ್, ಅಂದರೆ ಕೇಂದ್ರದ, ವ್ಯವಸ್ಥೆಯಲ್ಲಿ 94 ಡಿಸ್ಟ್ರಿಕ್ಟ್ ಕೋರ್ಟುಗಳು, ಅದರ ಮೇಲೆ 13 ಅಪೀಲು ಕೋರ್ಟುಗಳು, ಕೊನೆಗೆ ಒಂಬತ್ತು ಜನ ಜಡ್ಜ್‌ಗಳ ಸುಪ್ರೀಂ ಕೋರ್ಟ್. ಅಲ್ಲಿ ನಾಲ್ವರು ಒಪ್ಪಿದರೆ ಮಾತ್ರ ಸಾಮಾನ್ಯವಾಗಿ ಕೇಸು ವಿಚಾರಣೆಗೆ ಬರುತ್ತದೆ. ಇದರ ಪಕ್ಕದಲ್ಲಿ ಪ್ರತಿ ರಾಜ್ಯಕ್ಕೂ ಅದರದ್ದೇ ಕೋರ್ಟುಗಳಿವೆ. ಹಾಗಾಗಿ ಫೆಡರಲ್ ಜಡ್ಜ್ ಮೊದಲು ನೋಡುವುದು ಒಂದೇ: ಈ ಕೇಸು ಕೇಳುವ ಅಧಿಕಾರ ನನಗಿದೆಯಾ? ಎದುರು ಪಾರ್ಟಿ ಸುಮ್ನಿದ್ದರೂ ಜಡ್ಜ್ ತಾವೇ ಈ ಪ್ರಶ್ನೆ ಎತ್ತುತ್ತಾರೆ.

ಇಲಾಖೆ ಯಾವುದು ಅಂತ ಕೇಳುವುದಕ್ಕೂ ಕಾರಣವಿದೆ. ಊರಿನ ಪೊಲೀಸರೋ ಕೌಂಟಿ ಜೈಲಿನವರೋ ಹಕ್ಕು ತುಳಿದರೆ ಅವರ ಮೇಲೆ ಕೇಸು ಹಾಕಲು ಸೆಕ್ಷನ್ 1983 ಇದೆ. 1871ರಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಗುಂಪಿನ ಹಾವಳಿ ತಡೆಯಲು ತಂದ ಕಾನೂನು ಅದು. 1961ರ ಮನ್ರೋ ವರ್ಸಸ್ ಪೇಪ್ ತೀರ್ಪಿನ ಮೇಲೆ ಅದಕ್ಕೆ ನಿಜವಾದ ಜೀವ ಬಂತು. ಆದರೆ ಅದು ರಾಜ್ಯದ ಅಧಿಕಾರ ಬಳಸುವವರಿಗೆ ಮಾತ್ರ. ಅದೇ ಕೆಲಸವನ್ನು ಫೆಡರಲ್ ಏಜೆಂಟ್ ಮಾಡಿದರೆ ಈ ಸೆಕ್ಷನ್ ನಡೆಯುವುದಿಲ್ಲ. 1971ರ ಬಿವೆನ್ಸ್ ತೀರ್ಪು ಅವರ ಮೇಲೆ ಪರಿಹಾರ ಕೇಳಲು ಒಂದು ದಾರಿ ತೆರೆದಿತ್ತು. 2022ರ ಎಗ್ಬರ್ಟ್ ತೀರ್ಪಿನ ಹೊತ್ತಿಗೆ ಅದು ಹೆಚ್ಚುಕಡಿಮೆ ಮುಚ್ಚಿಯೇ ಹೋಗಿದೆ. ಹೊಡೆದವನ ಜಾಕೆಟ್ ಮೇಲೆ ಏನು ಬರೆದಿತ್ತು ಅನ್ನುವುದರ ಮೇಲೆ ಪರಿಹಾರ ನಿಂತಿದೆ. ನನ್ನನ್ನು ಕೇಳಿದರೆ ಇದು ನ್ಯಾಯವಲ್ಲ. ಆದರೆ ಕೋರ್ಟು ನನ್ನನ್ನು ಕೇಳುವುದಿಲ್ಲ.

ಬಂಧನದ ವಿಷಯದಲ್ಲಿ 'ಎಲ್ಲಿ' ಅನ್ನುವುದೇ ಮುಖ್ಯ. ಹಿಡಿದಿಟ್ಟವರು ಕಾರಣ ಕೊಡಲಿ ಅಂತ ಹಾಕುವುದು ಹೇಬಿಯಸ್ ಕಾರ್ಪಸ್ ಅರ್ಜಿ. ಮಾಮೂಲಿ ಸಿವಿಲ್ ದಾವೆಗೆ 405 ಡಾಲರ್ ಫೀಸು, ಇದಕ್ಕೆ ಬರೀ 5 ಡಾಲರ್. ಆ ಐದು ಡಾಲರ್ ಕಟ್ಟುವಾಗೆಲ್ಲ ನನಗೆ ಈ ದೇಶದ ಮೇಲೆ ಸ್ವಲ್ಪ ಪ್ರೀತಿ ಬರುತ್ತದೆ. ಆದರೆ ಅರ್ಜಿ ಸಲ್ಲಿಸುವ ಹೊತ್ತಿಗೆ ಆ ವ್ಯಕ್ತಿ ಯಾವ ಡಿಸ್ಟ್ರಿಕ್ಟಿನಲ್ಲಿ ಬಂಧನದಲ್ಲಿದ್ದಾರೋ ಅಲ್ಲೇ ಹಾಕಬೇಕು.

2002ರಲ್ಲಿ ಹೋಸೆ ಪಡಿಯಾ ಎಂಬ ಅಮೆರಿಕನ್ ಪ್ರಜೆಯನ್ನು ನ್ಯೂಯಾರ್ಕಿನಲ್ಲಿ ಇಟ್ಟಿದ್ದರು. ಅಧ್ಯಕ್ಷರು ಅವರನ್ನು ಶತ್ರು ಯೋಧ ಅಂತ ಘೋಷಿಸಿದರು. ಅಲ್ಲಿಂದ ಸೌತ್ ಕ್ಯಾರೊಲಿನಾದ ನೌಕಾಪಡೆಯ ಜೈಲಿಗೆ ಸಾಗಿಸಿದರು. ಎರಡು ದಿನದ ಮೇಲೆ ವಕೀಲೆ ನ್ಯೂಯಾರ್ಕಿನಲ್ಲಿ ಅರ್ಜಿ ಹಾಕಿದರು. 2004ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿದ್ದು: ಅರ್ಜಿ ಸೌತ್ ಕ್ಯಾರೊಲಿನಾದಲ್ಲಿ ಹಾಕಬೇಕಿತ್ತು. ಎರಡು ವರ್ಷ ಕಳೆದರೂ ಬಂಧನ ಸರಿಯೋ ತಪ್ಪೋ ಅನ್ನುವುದನ್ನು ಸುಪ್ರೀಂ ಕೋರ್ಟ್ ಮುಟ್ಟಲೇ ಇಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಕ್ಯಾಂಪುಗಳಲ್ಲಿ ಕೂಡಿಹಾಕಿದಾಗ ಮಿತ್ಸುಯೆ ಎಂಡೊ ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ಹಾಕಿದರು. ಆಮೇಲೆ ಸರ್ಕಾರ ಅವರನ್ನು ಯೂಟಾಗೆ ಸಾಗಿಸಿತು. ಬಿಡುಗಡೆ ಮಾಡುತ್ತೇವೆ, ಪಶ್ಚಿಮ ಕರಾವಳಿಗೆ ಮಾತ್ರ ವಾಪಸ್ ಹೋಗಬೇಡಿ ಅಂದಿತು. ಅವರು ಒಪ್ಪಲಿಲ್ಲ. ಒಪ್ಪಿದ್ದರೆ ಕೇಸೇ ಬಿದ್ದುಹೋಗುತ್ತಿತ್ತು. 1944ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ನಿಂತಿತು. ಸರಿಯಾದ ಕೋರ್ಟಿಗೆ ಒಮ್ಮೆ ಅರ್ಜಿ ಬಿದ್ದ ಮೇಲೆ ಆಳನ್ನು ಎಲ್ಲಿಗೆ ಸಾಗಿಸಿದರೂ ಆ ಕೋರ್ಟಿನ ಅಧಿಕಾರ ಹೋಗುವುದಿಲ್ಲ ಅಂತಲೂ ಹೇಳಿತು.

ಅಂದರೆ ಮೊದಲು ಯಾವುದು, ಸಾಗಿಸಿದ್ದಾ ಫೈಲ್ ಆಗಿದ್ದಾ? 2025ರ ಮಾರ್ಚ್ 25ರ ಸಂಜೆ ರುಮೇಸಾ ಓಜ್ಟುರ್ಕ್ ಎಂಬ ವಿದ್ಯಾರ್ಥಿನಿಯನ್ನು ಇಮಿಗ್ರೇಶನ್ ಏಜೆಂಟರು ಮ್ಯಾಸಚೂಸೆಟ್ಸ್‌ನಲ್ಲಿ ಹಿಡಿದರು. ರಾತ್ರಿ ಹತ್ತರ ಸುಮಾರಿಗೆ ವಕೀಲೆ ಅಲ್ಲೇ ಅರ್ಜಿ ಹಾಕಿದರು. ಅಷ್ಟರಲ್ಲಿ ವಿದ್ಯಾರ್ಥಿನಿ ಇದ್ದ ಗಾಡಿ ವರ್ಮಾಂಟ್ ಸೇರಿತ್ತು. ಅದು ವಕೀಲೆಗೆ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ಮರುದಿನ ವಿಮಾನದಲ್ಲಿ ಲೂಯಿಸಿಯಾನಾಗೆ. ಮ್ಯಾಸಚೂಸೆಟ್ಸ್ ಜಡ್ಜ್ ಕೇಸನ್ನು ವಜಾ ಮಾಡದೆ ವರ್ಮಾಂಟಿಗೆ ವರ್ಗಾಯಿಸಿದರು. ಅಲ್ಲಿನ ಜಡ್ಜ್ ವಿಲಿಯಂ ಸೆಷನ್ಸ್ ಮೇ 9ರಂದು ಬಿಡುಗಡೆಗೆ ಆದೇಶ ಕೊಟ್ಟರು.

ಅದಕ್ಕೇ ನಾನು ಊಟದ ಹೊತ್ತಲ್ಲಿ ಫೋನ್ ಬಂದರೂ ಮೊದಲು ಎ-ನಂಬರ್ (ಇಮಿಗ್ರೇಶನ್‌ನವರು ಕೊಡುವ ಗುರುತಿನ ಸಂಖ್ಯೆ) ಮತ್ತು ಹುಟ್ಟಿದ ದೇಶ ಕೇಳುತ್ತೇನೆ. ಐಸ್, ಅಂದರೆ ಇಮಿಗ್ರೇಶನ್ ಬಂಧನ ಮಾಡುವ ಇಲಾಖೆಯ ಆನ್‌ಲೈನ್ ಲೊಕೇಟರ್‌ನಲ್ಲಿ ಹುಡುಕಲು ಅಷ್ಟು ಸಾಕು. ಎ-ನಂಬರ್ ಗ್ರೀನ್ ಕಾರ್ಡ್ ಮೇಲೆ, ವರ್ಕ್ ಪರ್ಮಿಟ್ ಮೇಲೆ ಇರುತ್ತದೆ. ಕಾರ್ಡು ಅವರ ಜೇಬಿನಲ್ಲೇ ಹೋಗಿದ್ದರೆ ಮನೆಯವರ ಹತ್ತಿರ ನಂಬರೇ ಇರುವುದಿಲ್ಲ. ಫೋಟೊ ತೆಗೆದು ಮನೆಯಲ್ಲಿ ಒಬ್ಬರ ಫೋನಿನಲ್ಲಿ ಇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಕೋರ್ಟಿನ ಸಿಸ್ಟಂ ರಾತ್ರಿಯೂ ಅರ್ಜಿ ತೆಗೆದುಕೊಳ್ಳುತ್ತದೆ. ಅದು ಕಳಿಸುವ ಈಮೇಲಿನಲ್ಲಿ ಗಂಟೆ, ನಿಮಿಷ ಎರಡೂ ಇರುತ್ತವೆ.

"ಜಡ್ಜ್ ಆಗ್ಲೇ ನೋಡಿದ್ದಾರಲ್ಲ ಮೇಡಂ, ಮತ್ತೆ ಯಾಕೆ?" ಅಂತಲೂ ಕೇಳುತ್ತಾರೆ. ಅವರು ನೋಡಿರುವುದು ಇಮಿಗ್ರೇಶನ್ ಜಡ್ಜ್. ಆ ಜಡ್ಜ್ ನ್ಯಾಯ ಇಲಾಖೆಯ ನೌಕರರು, ಅಂದರೆ ಸರ್ಕಾರದ ಭಾಗವೇ. ಡಿಸ್ಟ್ರಿಕ್ಟ್ ಜಡ್ಜ್ ಹಾಗಲ್ಲ. ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿದ ಮೇಲೆ ಜೀವನಪೂರ್ತಿ ಆ ಹುದ್ದೆ. ಇಷ್ಟವಾಗದ ತೀರ್ಪು ಕೊಟ್ಟರೆಂದು ಸಂಬಳ ಕಡಿಮೆ ಮಾಡುವಂತಿಲ್ಲ, ತೆಗೆಯಬೇಕಾದರೆ ಮಹಾಭಿಯೋಗವೇ ಆಗಬೇಕು.

ಇನ್ನು ತಾರೀಕಿನ ವಿಷಯ. ಒಹಾಯೊದ ಕೈದಿ ಕೀತ್ ಬೌಲ್ಸ್ ಅವರ ಹೇಬಿಯಸ್ ಅರ್ಜಿ ವಜಾ ಆಯಿತು. ಅಪೀಲಿನ ಗಡುವು ಮುಗಿದಿದ್ದರಿಂದ ಅವರು ಇನ್ನಷ್ಟು ಸಮಯ ಕೇಳಿದರು. ಕಾನೂನಿನ ಪ್ರಕಾರ ಸಿಗುವುದು 14 ದಿನ. ಜಡ್ಜ್ ಯಾಕೋ 17 ದಿನ ಕೊಟ್ಟರು. ಬೌಲ್ಸ್ ಪರವಾಗಿ 16ನೇ ದಿನ ಅಪೀಲು ಹಾಕಿದರು. 2007ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು: ತಡವಾಯಿತು, ಆಗಲ್ಲ. ಜನರನ್ನು ಹೀಗೆ ನಡೆಸಿಕೊಳ್ಳುವುದು ಸಹಿಸಲಾಗದ್ದು ಅಂತ ಭಿನ್ನ ತೀರ್ಪಿನಲ್ಲಿ ಡೇವಿಡ್ ಸೌಟರ್ ಬರೆದರು. ನಾನೂ ಸೌಟರ್ ಕಡೆಯೇ. ಆದರೆ ನಮ್ಮ ಆಫೀಸಿನಲ್ಲಿ ಜಡ್ಜ್ ಆದೇಶದಲ್ಲೇ ತಾರೀಕು ಇದ್ದರೂ ನಾನು ರೂಲ್ ಬುಕ್ ತೆಗೆದು ದಿನ ಎಣಿಸುತ್ತೇನೆ, ಎರಡರಲ್ಲಿ ಮೊದಲು ಬರುವುದನ್ನೇ ಕ್ಯಾಲೆಂಡರಿಗೆ ಹಾಕುತ್ತೇನೆ.