ಬದಿಯಡ್ಕದಿಂದ ಭಾಗಮಂಡಲಕ್ಕೆ: ಹಳೆಯ ಎಸ್‌ಯುವಿ ಕೊಂಡು ಘಟ್ಟ ಹತ್ತುವವರಿಗೆ

ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಹುಡುಕುವವರು ಅದು ಹೋಗಬೇಕಾದ ದಾರಿ ಯಾವುದೆಂದು ಮೊದಲು ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ನಾವು ಮನಸ್ಸಿನಲ್ಲಿಟ್ಟುಕೊಂಡಿದ್ದ ದಾರಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮುಳ್ಳೇರಿಯ, ಬಂದಡ್ಕ, ಕೋಳಿಚ್ಚಾಲ್ ಮಾರ್ಗವಾಗಿ ಪಾಣತ್ತೂರಿಗೆ ಹೋಗಿ, ಅಲ್ಲಿಂದ ಕೊಡಗಿನ ಕರಿಕೆಯ ಮೇಲಾಗಿ ಭಾಗಮಂಡಲವನ್ನು ಸೇರುವುದು. ನಡುವೆ ರಾಣಿಪುರಂನ ಆಚೀಚೆ ಪರಿಚಿತರೊಬ್ಬರ ರಬ್ಬರ್ ತೋಟದಲ್ಲಿ ಡೇರೆ ಹಾಕಿ ಉಳಿಯುವುದು. ಈ ದಾರಿಯ ಬಹುಭಾಗಕ್ಕೆ ಎಸ್‌ಯುವಿಯ ಅಗತ್ಯವೇ ಇಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ನಂದಾರಪದವಿನಿಂದ ಹೊರಟು ತಿರುವನಂತಪುರದ ಪಾರಶಾಲೆಯವರೆಗೆ ಹೋಗುವ ಮಲೆನಾಡು ಹೆದ್ದಾರಿ ನಮ್ಮ ಜಿಲ್ಲೆಯ ಒಳನಾಡನ್ನು ಹಾದುಹೋಗುವುದರಿಂದ ಕೋಳಿಚ್ಚಾಲ್‌ವರೆಗೆ ಸಣ್ಣ ಕಾರೂ ಸುಖವಾಗಿ ಹೋಗುತ್ತದೆ. ಎಸ್‌ಯುವಿಗೆ ನಿಜವಾದ ಕೆಲಸ ಇರುವುದು ಡಾಮರು ಮುಗಿದ ಮೇಲೆ, ತೋಟದ ಗೇಟಿನಿಂದ ಡೇರೆ ಹಾಕುವ ಜಾಗದವರೆಗಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಏರುದಾರಿಯಲ್ಲಿ ಮತ್ತು ಮಳೆಗೆ ಅಂಚು ಕೊರೆದುಹೋದ ಕರಿಕೆ ಘಟ್ಟದ ಕೆಲವು ತಿರುವುಗಳಲ್ಲಿ ಮಾತ್ರ.

ಹೀಗಿರುವಾಗ ಸಾಹಸದ ಜಾಹೀರಾತು ನೋಡಿ ದೊಡ್ಡ ವಾಹನಕ್ಕೆ ಹಣ ಸುರಿಯುವುದು ವ್ಯರ್ಥ. ಹಾಗೆಂದು ನೆಲದಿಂದ ಎತ್ತರವಿದ್ದರೆ ಸಾಕು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ಫೋರ್ ವೀಲ್ ಡ್ರೈವ್ ಬೇಡ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಒಣಗಿದ ಮುರಕಲ್ಲಿನ ಮೇಲೆ ಟೈರು ಚೆನ್ನಾಗಿ ಕಚ್ಚುತ್ತದೆ. ಅದೇ ಕಲ್ಲಿನ ಮೇಲೆ ಪಾಚಿ ಕಟ್ಟಿ ನೀರು ಒಸರುತ್ತಿದ್ದರೆ ಹಿಂಬದಿ ಚಕ್ರಗಳು ಮಾತ್ರ ತಿರುಗುವ ಬೊಲೆರೊ ಖಾಲಿಯಾಗಿರುವಾಗ ಏರಿನ ನಡುವೆ ನಿಂತುಬಿಡುತ್ತದೆ. ತೋಟದ ಜೀಪಿನವರು ಹಿಂದೆ ಗೊಬ್ಬರದ ಚೀಲಗಳನ್ನು ಹೇರಿಕೊಂಡು ಹತ್ತುವುದು ಈ ಕಾರಣಕ್ಕಾಗಿಯೂ ಹೌದು.

ನಮ್ಮ ಬಜೆಟ್ಟಿನಲ್ಲಿ ಸಿಗುತ್ತಿದ್ದವುಗಳಲ್ಲಿ ಮಾರುತಿ ಜಿಪ್ಸಿ ಹಗುರ, ಗಟ್ಟಿ ಮತ್ತು ಕಡಿದಾದ ಏರಿಗೆ ಹೇಳಿ ಮಾಡಿಸಿದ ವಾಹನ. ಆದರೆ ಅದರ ಪೆಟ್ರೋಲ್ ಖರ್ಚು ಮತ್ತು ನಾಲ್ಕೂ ಕಡೆಯ ಲೀಫ್ ಸ್ಪ್ರಿಂಗಿನ ಕುಲುಕಾಟವನ್ನು ಮನೆಯ ಹಿರಿಯರು ಸಹಿಸಲಾರರು. 2010ರಿಂದ 2020ರವರೆಗೆ ಬಂದ ಹಳೆಯ ಥಾರ್‌ನ ಶಕ್ತಿಯ ಬಗ್ಗೆ ತಕರಾರಿಲ್ಲ. ಕ್ಯಾನ್ವಾಸ್ ಹೊದಿಕೆಯ ಕೆಳಗೆ ನಮ್ಮ ಜಿಲ್ಲೆಯ ಮಳೆಯಲ್ಲಿ ಸಾಮಾನು ಒಣಗಿರುವುದು ಕಷ್ಟ, ಒಳಗೆ ಮಲಗುವುದಂತೂ ಆಗದ ಮಾತು. 2014ರಲ್ಲಿ ಬಂದ ಆಲ್ ವೀಲ್ ಡ್ರೈವ್ ಡಸ್ಟರ್ ನನ್ನನ್ನು ಬಹಳ ಆಕರ್ಷಿಸಿತು. ಅದರ 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ತಳಕ್ಕಿರುವ ಎತ್ತರ) ಮತ್ತು ಹಿಂಬದಿಯ ಸ್ವತಂತ್ರ ಸಸ್ಪೆನ್ಷನ್ ಕೆಟ್ಟ ರಸ್ತೆಯನ್ನು ಅರಗಿಸಿಕೊಳ್ಳುವ ರೀತಿ ಈ ಬೆಲೆಯ ಬೇರೆ ವಾಹನಗಳಲ್ಲಿ ಕಾಣುವುದಿಲ್ಲ. ಆದರೆ ಅದರಲ್ಲಿ ನಿಧಾನ ವೇಗದಲ್ಲಿ ಚಕ್ರಗಳಿಗೆ ಹೆಚ್ಚು ಬಲ ಕೊಡುವ ಲೋ ರೇಂಜ್ ಗೇರ್ ಇಲ್ಲ, ಡೀಸೆಲ್ ಎಂಜಿನ್ನಿನ ಕವಾಟಗಳನ್ನು ನಡೆಸುವ ಟೈಮಿಂಗ್ ಬೆಲ್ಟನ್ನು ಕಾಲಕಾಲಕ್ಕೆ ಬದಲಾಯಿಸಿದ ದಾಖಲೆ ಕೇಳಲೇಬೇಕು, ಮತ್ತು ಪಾಣತ್ತೂರಿನಲ್ಲಿ ಕೆಟ್ಟು ನಿಂತರೆ ಬಿಡಿಭಾಗಕ್ಕೆ ಮಂಗಳೂರಿನತ್ತ ನೋಡಬೇಕು. ನಾನು ಮಂಗಳೂರಿನಲ್ಲೋ ಕಾಸರಗೋಡು ಪೇಟೆಯಲ್ಲೋ ವಾಸವಾಗಿದ್ದರೆ ಬಹುಶಃ ಅದನ್ನೇ ತೆಗೆದುಕೊಳ್ಳುತ್ತಿದ್ದೆ.

ಕೊನೆಗೆ ಮನೆಗೆ ಬಂದದ್ದು 2016ರ ಫೋರ್ ವೀಲ್ ಡ್ರೈವ್ ಸ್ಕಾರ್ಪಿಯೋ. ಇದರ 2.2 ಲೀಟರ್ ಎಂಹಾಕ್ ಎಂಜಿನ್ನಿಗೆ ಬೆಲ್ಟಿನ ಬದಲು ಟೈಮಿಂಗ್ ಚೈನ್ ಇದೆ; ಮುಳ್ಳೇರಿಯದಿಂದ ಭಾಗಮಂಡಲದವರೆಗೆ ಯಾವ ಊರಿನ ಮೆಕ್ಯಾನಿಕ್ಕಿಗೂ ಇದು ಅಪರಿಚಿತವಲ್ಲ. 180 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಡಸ್ಟರ್‌ಗಿಂತ ಕಡಿಮೆಯೇ, ಆದರೆ ಲ್ಯಾಡರ್ ಚಾಸಿಯೂ (ಏಣಿಯಂಥ ಗಟ್ಟಿ ಕಬ್ಬಿಣದ ಚೌಕಟ್ಟು) ಲೋ ರೇಂಜೂ ಆ ಕೊರತೆಯನ್ನು ನಮ್ಮ ಬಳಕೆಯ ಮಟ್ಟಿಗೆ ತುಂಬಿಕೊಡುತ್ತವೆ. ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹಳೆಯ ಸ್ಕಾರ್ಪಿಯೋದಲ್ಲಿ ಫೋರ್ ವೀಲ್ ಡ್ರೈವ್ ನಿಂತುಹೋದ ಕಾರಣ, ಹುಡುಕುವವರು 2020ಕ್ಕಿಂತ ಹಿಂದಿನವುಗಳನ್ನೇ ನೋಡಬೇಕಾಗುತ್ತದೆ.

ಮಾದರಿ ಯಾವುದಾದರೂ ಇರಲಿ, ನಮ್ಮ ಕಡೆ ವಾಹನದ ಆಯುಷ್ಯವನ್ನು ನಿರ್ಧರಿಸುವುದು ಅದರ ತಳಭಾಗ. ಕಾಸರಗೋಡು ಜಿಲ್ಲೆಗೆ ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಘಟ್ಟ. ಕಡಲ ಬದಿಯ ವಾಹನವನ್ನು ಉಪ್ಪು ತಿನ್ನುತ್ತದೆ, ಘಟ್ಟದ ಬದಿಯ ವಾಹನದ ಕ್ಲಚ್ಚನ್ನೂ ಸಸ್ಪೆನ್ಷನ್ನಿನ ಬುಷ್‌ಗಳನ್ನೂ ಏರುದಾರಿ ತಿನ್ನುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಕಣ್ಣು ಮುಚ್ಚಿ ಘಟ್ಟದ ವಾಹನವನ್ನು ಆರಿಸಿ. ಕ್ಲಚ್ಚು, ಬುಷ್‌ಗಳನ್ನು ಹೊಸದು ಹಾಕಬಹುದು, ಚಾಸಿಯನ್ನು ಹಾಗೆ ಹಾಕಲಾಗುವುದಿಲ್ಲ. ಕುಂಬಳೆಯ ಕಡೆಯಿಂದ ಬಂದ, ಮೇಲಿನಿಂದ ಮದುಮಗನಂತೆ ಹೊಳೆಯುತ್ತಿದ್ದ ಒಂದು ವಾಹನವನ್ನು ನಮ್ಮೂರಿನ ಮೆಕ್ಯಾನಿಕ್ ರ‍್ಯಾಂಪಿಗೆ ಏರಿಸಿ, ಹಿಂಬದಿ ಚಕ್ರದ ಮೇಲ್ಗಡೆ ಚಾಸಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಸಾಲಾಗಿ ತಟ್ಟುತ್ತಾ ಬಂದರು. ಮೊದಮೊದಲು ಟಣ್ ಎನ್ನುತ್ತಿದ್ದ ಕಬ್ಬಿಣ ಒಂದೆಡೆ ಮಂಕಾದ ಸದ್ದು ಮಾಡಿತು. ಮತ್ತೊಮ್ಮೆ ತಟ್ಟಿದಾಗ ಹೊಸದಾಗಿ ಬಳಿದಿದ್ದ ಕಪ್ಪು ಬಣ್ಣ ಸಿಪ್ಪೆಯಾಗಿ ಎದ್ದು, ಅದರ ಹಿಂದಿನಿಂದ ತುಕ್ಕಿನ ಹಕ್ಕಳೆಗಳು ಅವರ ಅಂಗೈಗೆ ಉದುರಿದವು. "ಮಾಷ್ಟ್ರೇ, ಇದು ಬೇಡ" ಎಂದಷ್ಟೇ ಹೇಳಿ ಅವರು ಕೈ ಒರೆಸಿಕೊಂಡರು. ತಳಕ್ಕೆ ಇತ್ತೀಚೆಗೆ ಬಣ್ಣ ಬಳಿದಿರುವ ವಾಹನವನ್ನು, ಮಾರುವವರು ಎಷ್ಟೇ ಮುತುವರ್ಜಿಯಿಂದ ಇಟ್ಟುಕೊಂಡಿದ್ದೇವೆ ಎಂದರೂ, ತಟ್ಟಿ ನೋಡದೆ ಒಪ್ಪಬೇಡಿ.

2018ರ ಮತ್ತು 2019ರ ನೆರೆಯಲ್ಲಿ ಕೇರಳದಲ್ಲಿ ಮುಳುಗಿದ ವಾಹನಗಳು ಇಂದಿಗೂ ಕೈ ಬದಲಾಗುತ್ತಿರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದರೆ ಕೆಸರಿನ ಗೆರೆ ಕಾಣುವುದುಂಟು. ಸೀಟು ಜಾರುವ ಹಳಿಗಳ ತುಕ್ಕು ಮತ್ತು ಕಾರ್ಪೆಟ್ಟಿನ ಅಡಿಯ ಮಣ್ಣು ಸಹ ಇದನ್ನು ಹೇಳುತ್ತವೆ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಓಡಾಟಕ್ಕೆ ನಿರ್ಬಂಧ ಬಂದುದರಿಂದ ಅಲ್ಲಿನ ವಾಹನಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೆ ಬಂದಿವೆ. ಅವುಗಳಲ್ಲಿ ಒಳ್ಳೆಯವೂ ಇರಬಹುದು, ಆದರೆ ಸರ್ವಿಸ್ ದಾಖಲೆ ಇಲ್ಲದಿದ್ದರೆ ಮೀಟರಿನ ಕಿಲೋಮೀಟರನ್ನು ನಂಬುವಂತಿಲ್ಲ.

ಫೋರ್ ವೀಲ್ ಡ್ರೈವ್ ಇದೆ ಎಂದು ಕಾಗದದಲ್ಲಿ ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ. ವರ್ಷಗಟ್ಟಲೆ ಬಳಸದೆ ಬಿಟ್ಟ ವ್ಯವಸ್ಥೆ ಬೇಕಾದ ಹೊತ್ತಿಗೆ ಕೈ ಕೊಡುತ್ತದೆ. ಆದ್ದರಿಂದ ಓಡಿಸಿ ನೋಡುವಾಗ ಡಾಮರು ರಸ್ತೆಯಲ್ಲಿ ಮುಗಿಸದೆ, ಸಡಿಲ ಮಣ್ಣಿರುವ ಮೈದಾನಕ್ಕೋ ಗುಡ್ಡದ ಮೇಲಿನ ಬಯಲಿಗೋ ಕೊಂಡೊಯ್ದು ಫೋರ್ ಹೈ (ನಾಲ್ಕು ಚಕ್ರಗಳ ಸಾಮಾನ್ಯ ಗೇರು) ಮತ್ತು ಫೋರ್ ಲೋ (ಲೋ ರೇಂಜ್) ಎರಡನ್ನೂ ಹಾಕಿಸಿ. ಸ್ಕಾರ್ಪಿಯೋದಲ್ಲಿ ಲೋ ರೇಂಜಿಗೆ ವಾಹನ ನಿಲ್ಲಿಸಿ, ಕ್ಲಚ್ ಒತ್ತಿ ಸ್ವಿಚ್ ತಿರುಗಿಸಬೇಕು. ಡ್ಯಾಶ್‌ಬೋರ್ಡಿನ ದೀಪ ಮಿನುಗುತ್ತಲೇ ಇದ್ದರೆ ಗೇರ್ ಬಿದ್ದಿಲ್ಲವೆಂದೇ ಅರ್ಥ. ಈ ಬಗೆಯ ವ್ಯವಸ್ಥೆಯನ್ನು ಒಣ ಡಾಮರಿನ ಮೇಲೆ ಬಳಸಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ದೂರ ಉರುಳಬೇಕಾಗಿ ಬಂದು ಗೇರುಗಳ ಮೇಲೆ ಒತ್ತಡ ಬೀಳುತ್ತದೆ ಎಂಬುದನ್ನು ಮನೆಯಲ್ಲಿ ವಾಹನ ಓಡಿಸುವ ಎಲ್ಲರಿಗೂ ತಿಳಿಸಿಡಬೇಕು.

ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳನ್ನು ಓದಿ: 3219 ಎಂದಿದ್ದರೆ ಅದು 2019ರ 32ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲ್ಮೈಯ ಗೀರುಗಳು ಎಷ್ಟೇ ಆಳ ಉಳಿದಿದ್ದರೂ ಆರು ವರ್ಷ ದಾಟಿದ ರಬ್ಬರನ್ನು ಒದ್ದೆ ಕಲ್ಲಿನ ಮೇಲೆ ನಾನು ನಂಬುವುದಿಲ್ಲ. ಬದಲಾಯಿಸುವಾಗ ಕಂಪನಿ ಸೂಚಿಸಿದ ಅಳತೆಯಲ್ಲೇ ಆಲ್ ಟೆರೇನ್ ಟೈರು ಹಾಕಿದರೆ ಸಾಕು. ವಾಹನದ ರೂಪ ಬದಲಾಯಿಸುವುದರ ಮೇಲೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಕೇರಳದ ಮೋಟಾರು ವಾಹನ ಇಲಾಖೆ ಈ ವಿಷಯದಲ್ಲಿ ಕಟ್ಟುನಿಟ್ಟು. ಹಿಂದಿನ ಮಾಲಕರು ಹಾಕಿಸಿದ ಬುಲ್ ಬಾರ್, ಛಾವಣಿಯ ದೀಪದ ಸಾಲು, ಹೊರಕ್ಕೆ ಚಾಚಿದ ದೊಡ್ಡ ಚಕ್ರ ಇದ್ದರೆ ಅವರ ಖರ್ಚಿನಲ್ಲಿಯೇ ತೆಗೆಸಿಕೊಳ್ಳಿ.

ಮಲಗುವ ವಿಚಾರಕ್ಕೆ ಒಂದು ಅಳತೆ ಟೇಪು ಸಾಕು. ವಾಹನ ನೋಡಲು ಹೋಗುವಾಗ ಅದನ್ನು ಕಿಸೆಯಲ್ಲಿಟ್ಟುಕೊಂಡು, ನಡುವಿನ ಸೀಟನ್ನು ಮಡಚಿಸಿ, ಮುಂದಿನ ಸೀಟಿನ ಬೆನ್ನಿನಿಂದ ಹಿಂಬಾಗಿಲಿನವರೆಗೆ ನಿಮ್ಮ ಎತ್ತರಕ್ಕೆ ಸಾಲುವಷ್ಟು ಜಾಗವಿದೆಯೇ ಎಂದು ನೋಡಿ. ಛಾವಣಿಯ ಮೇಲೆ ಡೇರೆ ಕೂರಿಸುವ ಆಸೆ ಇದ್ದವರು ಛಾವಣಿ ಎಷ್ಟು ಭಾರ ತಾಳುತ್ತದೆ ಎಂಬುದನ್ನು ವಾಹನದ ಕೈಪಿಡಿಯಲ್ಲಿ ಓದಿಕೊಳ್ಳಬೇಕು. ನೆಲದ ಡೇರೆಯೇ ನನಗೆ ಇಷ್ಟ. ಎತ್ತರದ ಸ್ಕಾರ್ಪಿಯೋ ತಿರುವುಗಳಲ್ಲಿ ಮೊದಲೇ ವಾಲುತ್ತದೆ, ಅದರ ತಲೆಯ ಮೇಲೆ ಇನ್ನಷ್ಟು ಭಾರ ಹೇರುವುದೇಕೆ?

ತೋಟದ ದಾರಿಯಲ್ಲಿ ಇವೆಲ್ಲ ಪರೀಕ್ಷೆಗೆ ಬಂದವು. ಹಿಂದಿನ ರಾತ್ರಿ ಸುರಿದ ಮಳೆಯಿಂದ ಎರಡನೆಯ ತಿರುವಿನಲ್ಲಿ ಒರತೆಯ ನೀರು ದಾರಿಗೆ ಅಡ್ಡವಾಗಿ ಹರಿಯುತ್ತಿತ್ತು. ಹಿಂಬದಿ ಚಕ್ರ ಗಿರ್ರನೆ ತಿರುಗಿ ಕೆಂಪು ರಾಡಿ ಎರಚಿದೊಡನೆ ಆಕ್ಸಿಲರೇಟರ್ ಬಿಟ್ಟು, ಸಪಾಟಾದ ಜಾಗದವರೆಗೆ ಹಿಂದಕ್ಕೆ ಇಳಿಸಿ, ಟೈರಿನ ಗಾಳಿಯನ್ನು 32 ಪಿಎಸ್‌ಐಯಿಂದ 24ಕ್ಕೆ ಇಳಿಸಿ ಲೋ ರೇಂಜಿನ ಎರಡನೇ ಗೇರಿನಲ್ಲಿ ಹೊರಟಾಗ ವಾಹನ ಎಲ್ಲಿಯೂ ತಡವರಿಸದೆ ಏರಿತು. ಮರಳಿ ಡಾಮರಿಗೆ ಬಂದಾಗ ಗಾಳಿ ತುಂಬಿಸಲು 12 ವೋಲ್ಟಿನ ಪಂಪು ಜೊತೆಯಲ್ಲಿರಲೇಬೇಕು. ಇಳಿಯುವಾಗ ಲೋ ರೇಂಜಿನ ಮೊದಲ ಗೇರಿನಲ್ಲಿ ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ಬ್ರೇಕನ್ನು ಒಮ್ಮೆಲೇ ಒತ್ತಿದರೆ ಪಾಚಿಯ ಮೇಲೆ ಚಕ್ರ ಜಾರುತ್ತದೆ.

ಡೇರೆಗೆ ಖಾಸಗಿ ಜಮೀನನ್ನೇ ಆರಿಸಿ, ಮಾಲಕರ ಒಪ್ಪಿಗೆ ಪಡೆಯಿರಿ. ರಾಣಿಪುರಂ ಮತ್ತು ಕರಿಕೆಯ ಸುತ್ತಲಿನ ಅರಣ್ಯದಲ್ಲಿ ಇಲಾಖೆಯ ಅನುಮತಿಯಿಲ್ಲದೆ ವಾಹನ ನುಗ್ಗಿಸುವುದು, ರಾತ್ರಿ ಉಳಿಯುವುದು ಅಪರಾಧ. ಅಲ್ಲಿ ಆನೆಗಳ ಸಂಚಾರವೂ ಇದೆ. ಹಲಸು, ಬಾಳೆಹಣ್ಣುಗಳನ್ನು ರಾತ್ರಿ ವಾಹನದಲ್ಲೋ ಡೇರೆಯಲ್ಲೋ ಇಡಬೇಡಿ. ತೆಂಗು, ಅಡಿಕೆ ಮರಗಳ ಬುಡದಲ್ಲಿ ಡೇರೆ ಹಾಕಿದರೆ ಮಡಲು, ಸೋಗೆ ಬೀಳುವ ಅಪಾಯವಿದೆ. ಉಂಬಳಗಳಿಗೆ (ಜಿಗಣೆ) ಉಪ್ಪಿನ ಪೊಟ್ಟಣ ಸಾಕು.

ಕಾಗದಪತ್ರದ ವಿಷಯದಲ್ಲಿ ಗಡಿಯವರಿಗೆ ಒಂದು ಎಚ್ಚರಿಕೆ. ಮಂಗಳೂರು, ಪುತ್ತೂರಿನಲ್ಲಿ ಆಯ್ಕೆ ಹೆಚ್ಚೆಂದು ಕೆಎ ನಂಬರಿನ ವಾಹನ ಕೊಂಡರೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಿಸಿ, ಕೇರಳದ ತೆರಿಗೆ ಕಟ್ಟಿ ಕಾಸರಗೋಡಿನ ಕೆಎಲ್ 14 ನಂಬರಿಗೆ ಬದಲಾಯಿಸಿಕೊಳ್ಳಬೇಕು. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ಈ ತೆರಿಗೆಯನ್ನು ಸೇರಿಸಿ ಲೆಕ್ಕ ಹಾಕಿದರೆ ಅಲ್ಲಿನ ಅಗ್ಗ ಇಲ್ಲಿ ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ. ಮಾರಾಟವಾದ 14 ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹದಿನೈದು ವರ್ಷ ಸಮೀಪಿಸಿದ ವಾಹನಕ್ಕೆ ನೋಂದಣಿ ನವೀಕರಣದ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ.

ಪ್ರಯಾಣಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಪಾಣತ್ತೂರು ಮತ್ತು ಭಾಗಮಂಡಲದ ನಡುವೆ ಗುಡ್ಡ ಕುಸಿಯುವುದುಂಟು, ಹೊರಡುವ ಮೊದಲು ಪಾಣತ್ತೂರಿನಲ್ಲಿ ಜೀಪಿನವರನ್ನು ವಿಚಾರಿಸಿಕೊಳ್ಳಿ. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಕಡಿದುಹೋಗುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಡೀಸೆಲ್ ಕರ್ನಾಟಕದಲ್ಲಿ ಅಗ್ಗವಾದ್ದರಿಂದ ಹೋಗುವಾಗ ಘಟ್ಟ ದಾಟಲು ಬೇಕಾದಷ್ಟು ಹಾಕಿಸಿಕೊಂಡು, ಬರುವಾಗ ಟ್ಯಾಂಕ್ ತುಂಬಿಸಿಕೊಳ್ಳುವುದು ನಮ್ಮ ಕಡೆಯವರ ರೂಢಿ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದಲ್ಲಿ ತಲಕಾವೇರಿಯ ತೀರ್ಥೋದ್ಭವಕ್ಕೆ ಜನಸಾಗರವೇ ಸೇರುತ್ತದೆ. ತೀರ್ಥಕ್ಕೆಂದೇ ಹೋಗುವವರನ್ನು ಬಿಟ್ಟು ಉಳಿದವರು ಆ ದಿನಗಳನ್ನು ಕಳೆದು ಹೊರಟರೆ, ಭಾಗಮಂಡಲದಲ್ಲಿ ವಾಹನ ನಿಲ್ಲಿಸಲು ಜಾಗವೂ ಉಳಿಯಲು ಕೋಣೆಯೂ ಸುಲಭವಾಗಿ ಸಿಗುತ್ತವೆ.