ಒಂಟಿಗಣ್ಣಿನ ಮರಿ ಹುಟ್ಟೋದು ಗ್ರಹಣದಿಂದಾನಾ?

ನಾನು ಜೀವಶಾಸ್ತ್ರದ ಮೇಷ್ಟ್ರು ಅಂತ ಗೊತ್ತಾದರೆ ಸಾಕು, ಚಳ್ಳಕೆರೆ ಕಡೆ ಕುರಿ ಸಾಕುವವರು ಮೊಬೈಲ್ ಮುಂದೆ ಹಿಡಿಯುತ್ತಾರೆ. ಹಣೆಯ ನಡುವೆ ಒಂದೇ ದೊಡ್ಡ ಕಣ್ಣಿರುವ ಕುರಿಮರಿಯ ಫೋಟೋ. ಅಂಥ ಮರಿ ಬದುಕುವುದಿಲ್ಲ. "ಸಾರ್, ಗಬ್ಬದ ಕುರಿ ಗ್ರಹಣದಲ್ಲಿ ಹೊರಗಿತ್ತು, ಅದಕ್ಕೇ ಹಿಂಗಾತಾ?"

ಅಲ್ಲ. ನಿಜ ಹೇಳಬೇಕೆಂದರೆ ನೀವೂ ನಾನೂ ಒಂಟಿಗಣ್ಣಿನಿಂದಲೇ ಶುರುವಾದವರು.

ಮಿದುಳು ಮೊದಲು ಒಂದು ಚಪ್ಪಟೆ ಹಾಳೆ. ಹಾಸಿದ ಕಂಬಳಿಯ ಎರಡೂ ಅಂಚು ಎತ್ತಿ ಕೂಡಿಸಿದ ಹಾಗೆ ಅದು ಕೊಳವೆಯಾಗುತ್ತದೆ. ಆ ಹಾಳೆಯ ಮುಂಭಾಗದಲ್ಲಿ ಕಣ್ಣಾಗಬೇಕಾದ ಜೀವಕೋಶಗಳು ಒಂದೇ ಪಟ್ಟಿಯಾಗಿ ಕೂತಿರುತ್ತವೆ. ಅದನ್ನು ಎರಡು ಮಾಡುವುದು ಕೆಳಗಿನಿಂದ ಬರುವ ಒಂದು ಪ್ರೋಟೀನ್. ನಡುವಿನ ಕೋಶಗಳಿಗೆ ಅದು "ನೀವು ಕಣ್ಣಾಗಬೇಡಿ" ಅನ್ನುತ್ತದೆ. ಹೆಸರು ಸೋನಿಕ್ ಹೆಡ್ಜ್‌ಹಾಗ್. ಹೌದು, ವಿಡಿಯೋ ಗೇಮಿನ ಆ ನೀಲಿ ಮುಳ್ಳುಹಂದಿಯ ಹೆಸರೇ! ವಿಜ್ಞಾನಿಗಳಿಗೂ ತಮಾಷೆ ಬೇಕಲ್ವಾ?

ಕೋಶಕ್ಕೆ ತಾನು ಎಲ್ಲಿದ್ದೇನೆ ಅಂತ ಹೇಗೆ ತಿಳಿಯುತ್ತದೆ? ಸಂತೆಯಲ್ಲಿ ಕಣ್ಣು ಮುಚ್ಚಿ ನಡೆದರೂ ಮಿರ್ಚಿ ಅಂಗಡಿ ಎಷ್ಟು ಹತ್ತಿರ ಅಂತ ಘಾಟೇ ಹೇಳುತ್ತದೆ. ಇಲ್ಲೂ ಅಷ್ಟೇ. ಅದೇ ಕೊಳವೆಯ ಬೆನ್ನುಹುರಿಯಾಗುವ ಭಾಗದಲ್ಲಿ ತಳದಿಂದ ಹೆಡ್ಜ್‌ಹಾಗ್ ಘಾಟು, ಮೇಲಿನಿಂದ ಬಿಎಂಪಿ ಅನ್ನುವ ಇನ್ನೊಂದು ಪ್ರೋಟೀನಿನ ಘಾಟು. ಯಾವುದು ಎಷ್ಟು ಬಡಿಯಿತು ಅನ್ನುವುದರ ಮೇಲೆ ಕೋಶದೊಳಗೆ ಬೇರೆ ಬೇರೆ ಜೀನ್ ಎಚ್ಚರವಾಗುತ್ತವೆ. ತಳದ ಹತ್ತಿರದವು ಕಾಲು ಅಲ್ಲಾಡಿಸುವ ನರಕೋಶಗಳಾಗುತ್ತವೆ. ಮೇಲಿನವು ಮುಟ್ಟಿದ್ದು, ಚುಚ್ಚಿದ್ದನ್ನು ಮಿದುಳಿಗೆ ದಾಟಿಸುವವು. ನಕ್ಷೆ ಹಿಡಿದ ಮೇಸ್ತ್ರಿ ಯಾರೂ ಇಲ್ಲ.

ಈಗ ಕುರಿಗೆ ಬರೋಣ. 1950ರ ದಶಕದಲ್ಲಿ ಅಮೆರಿಕದ ಐಡಾಹೋದಲ್ಲಿ ಒಂಟಿಗಣ್ಣಿನ ಮರಿಗಳು ಸಾಲಾಗಿ ಹುಟ್ಟಿದವು. ಹುಡುಕಿದಾಗ ಸಿಕ್ಕಿದ್ದು ಅಲ್ಲಿನ ಬೆಟ್ಟದ ಒಂದು ಗಿಡ, ಕಾರ್ನ್ ಲಿಲಿ. ಅದರ ವಿಷಕ್ಕೆ ಸೈಕ್ಲೋಪಮೈನ್ ಅಂತ ಹೆಸರಿಟ್ಟರು. ಅದು ಕೋಶದ ಮೂಗು ಕಟ್ಟಿದ ಹಾಗೆ: ಹೆಡ್ಜ್‌ಹಾಗ್ ಬಂದರೂ ತಿಳಿಯುವುದಿಲ್ಲ. ಪಟ್ಟಿ ಒಡೆಯುವುದಿಲ್ಲ, ಮುಂದಿನ ಮಿದುಳೂ ಎರಡು ಹೋಳಾಗುವುದಿಲ್ಲ. 1996ರಲ್ಲಿ ಹೆಡ್ಜ್‌ಹಾಗ್ ತಯಾರಿಸುವ ಜೀನ್ ತೆಗೆದ ಇಲಿಮರಿಗಳಲ್ಲೂ ಒಂದೇ ಕಣ್ಣು ಕಂಡಿತು. ಅಂದರೆ ಗಿಡ ತಿನ್ನದಿದ್ದರೂ ಜೀನ್ ಕೆಟ್ಟರೆ ಹೀಗಾಗಬಹುದು. ಆ ಗಿಡವಂತೂ ನಮ್ಮ ಕಡೆ ಬೆಳೆಯುವುದಿಲ್ಲ.

ಕುರಿ ಆ ಗಿಡ ತಿಂದರೆ ಹೀಗಾಗುವುದು ಗಬ್ಬವಾದ 14ನೇ ದಿನದ ಸುಮಾರಿಗೆ. ಈಯುವುದಕ್ಕೆ ಐದು ತಿಂಗಳು ಬೇಕು. ಹೊಟ್ಟೆ ಕಾಣುವ ಹೊತ್ತಿಗೆ ಬಂದ ಗ್ರಹಣ ಏನು ಮಾಡೀತು? ಕಣ್ಣಿನ ಕೆಲಸ ಯಾವತ್ತೋ ಮುಗಿದಿರುತ್ತದೆ.

ಇಷ್ಟು ಹೇಳಿದ ಮೇಲೆ ಅಜ್ಜಿಯರು ಸೊಸೆಯ ಮಾತು ತೆಗೆಯುತ್ತಾರೆ. ಮನುಷ್ಯರಲ್ಲಿ ಮಿದುಳು, ಬೆನ್ನುಹುರಿಯಾಗುವ ಆ ಕೊಳವೆ ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೇ ಮುಚ್ಚುತ್ತದೆ. ಎಷ್ಟೋ ಸಲ ಬಸುರಿ ಅಂತ ಅವಳಿಗೇ ಗೊತ್ತಿರುವುದಿಲ್ಲ. ಕೊಳವೆ ಸರಿಯಾಗಿ ಮುಚ್ಚಲಿ ಅಂತ ಕೊಡುವ ಫೋಲಿಕ್ ಆಸಿಡ್ ಮಾತ್ರೆಯನ್ನು ಅದಕ್ಕೇ ಬಸುರಿಯಾಗುವ ಮೊದಲಿನಿಂದಲೇ ತಗೋಬೇಕು, ದಿನಕ್ಕೆ 400 ಮೈಕ್ರೋಗ್ರಾಂ. ಗ್ರಹಣದ ದಿನ ಸೊಸೆಯನ್ನು ಕೋಣೆಯಲ್ಲಿ ಕೂರಿಸುವ ಅಜ್ಜಿಗೆ ನಾನು ಹೇಳುವುದು ಈ ಮಾತ್ರೆಯ ವಿಷಯ.